ಟಿ.ವಿ. ಚಾಚಾರ ಕನ್ನಡಿ

ನನ್ನ ಹೊಲಿಗೆ ಅಂಗಡಿಯಲ್ಲಿ ಒಂದು ಕನ್ನಡಿ ಇದೆ. ಆಳೆತ್ತರದ್ದೇನಲ್ಲ, ಸೊಂಟದಿಂದ ತಲೆಯವರೆಗೆ ಕಂಡರೆ ಪುಣ್ಯ. ಸಾಗವಾನಿ ಚೌಕಟ್ಟು, ಹಿಂದೆ ಊರಿ ನಿಲ್ಲಿಸಲು ಒಂದು ಕಾಲು. ಅಂಚಿನ ಸುತ್ತ ಪಾದರಸ ಎದ್ದು ಕಪ್ಪು ಕಲೆಗಳಾಗಿವೆ. ಮಧ್ಯಾಹ್ನ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಆ ಚೌಕಟ್ಟಿನ ಮೇಲೆ ಬಿತ್ತೆಂದರೆ ಸಣ್ಣಗೆ ರಾಳದ ವಾಸನೆ ಏಳುತ್ತದೆ. ಬೆಸುಗೆ ಹಾಕುವಾಗ ತಂತಿಗೆ ಹಚ್ಚುವ ರಾಳ. ಇಷ್ಟು ವರ್ಷವಾದರೂ ಆ ಮರ ಅದನ್ನು ಬಿಟ್ಟುಕೊಟ್ಟಿಲ್ಲ. ಮೊನ್ನೆ ಮದುವೆ ಬ್ಲೌಸ್ ಹಾಕಿ ನೋಡಲು ಬಂದ ಹುಡುಗಿಯೊಬ್ಬಳು ಮೂಗು ಮುರಿದು, "ಆಂಟಿ, ಇದರಾಗ ನಾನ ಕಾಣವಲ್ಲೆ, ಇದನ್ನ ಗುಜರಿಗೆ ಹಾಕ್ರಿ" ಅಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಅವಳು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ.

ಆ ಕನ್ನಡಿ ಮೊದಲಿಂದ ನನ್ನದಲ್ಲ. ಅದು ಟಿ.ವಿ. ಚಾಚಾರದ್ದು.

ಕೊಟ್ಟೂರಿನಲ್ಲಿ ಮಠಕ್ಕೂ ಬಸ್ ಸ್ಟ್ಯಾಂಡಿಗೂ ನಡುವಿನ ಒಂದು ಓಣಿ. ಅಲ್ಲಿ ಎರಡು ಮಳಿಗೆ, ನಡುವೆ ಒಂದೇ ಗೋಡೆ. ಒಂದರಲ್ಲಿ ನಾನು ಬ್ಲೌಸ್ ಹೊಲಿಯುತ್ತಿದ್ದೆ, ಇನ್ನೊಂದರಲ್ಲಿ ಅವರು ಟಿ.ವಿ. ರಿಪೇರಿ ಮಾಡುತ್ತಿದ್ದರು. ನಾನು ಅಂಗಡಿ ಹಾಕಿದಾಗ ಅವರಿಗೆ ಐವತ್ತು ದಾಟಿತ್ತು. ಉದ್ದ ಆಸಾಮಿ, ಬಿಳಿ ಜುಬ್ಬಾ, ಬಿಳಿ ಟೋಪಿ, ಕಿವಿಯ ಮೇಲೆ ಸದಾ ಒಂದು ಟೆಸ್ಟರ್. ರೇಡಿಯೊ ಕಾಲದಿಂದ ಕೆಲಸ ಮಾಡಿದವರು. ಆದರೆ ಊರಿಗೆ ಟಿ.ವಿ. ಬಂದಮೇಲೆ ಊರು ಅವರನ್ನು ಟಿ.ವಿ. ಚಾಚಾ ಎಂದೇ ಕರೆಯಿತು. ನಾನೂ ಹಾಗೇ ಕರೆದೆ.

ನಮ್ಮ ಪರಿಚಯ ಆದದ್ದೇ ಜಗಳದಿಂದ. ನಾನು ಕಾಲಲ್ಲಿ ತುಳಿದು ಸಾಕಾಗಿ ಮಿಷನ್ನಿಗೆ ಮೋಟರು ಹಾಕಿಸಿದ್ದೆ. ಹಾಕಿಸಿದ ದಿನವೇ ಚಾಚಾ ಬಾಗಿಲಿಗೆ ಬಂದು ನಿಂತರು.

"ಯವ್ವಾ, ನಿನ್ನ ಮಿಷನ್ನು ನನ್ನ ಟಿ.ವಿ.ಯೊಳಗ ಮಂಡಕ್ಕಿ ಹುರಿಯಾಕತ್ತೈತಿ."

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನಾನು ಮೋಟರು ಓಡಿಸಿದಾಗೆಲ್ಲ ಅವರ ಪರದೆಯ ತುಂಬ ಬಿಳಿ ಚುಕ್ಕೆಗಳು ಪಟಪಟನೆ ಸಿಡಿಯುತ್ತಿದ್ದವಂತೆ. ನಾನೇನು ಬಿಡುವವಳೇ? "ನಿಮ್ಮ ಟಿ.ವಿ. ಸಿಳ್ಳಿಗೆ ನನ್ನ ತಲಿ ಒಡದು ಹೋಳಾಗೈತ್ರಿ ಚಾಚಾ, ಅದಕ್ಕೇನ್ ಮಾಡ್ತೀರಿ?" ಅಂದೆ. ಹಳೆ ಟಿ.ವಿ.ಗಳಿಂದ ಸೊಳ್ಳೆಯ ದನಿಗಿಂತ ಸಣ್ಣದಾದ ಒಂದು ಸಿಳ್ಳೆ ಬರುತ್ತಿತ್ತು. ಎಲ್ಲರಿಗೂ ಕೇಳುತ್ತಿರಲಿಲ್ಲ, ನನಗೆ ಕೇಳುತ್ತಿತ್ತು. ಚಾಚಾ "ನಿನಗ ಅದು ಕೇಳತೈತಿ?" ಎಂದು ಮತ್ತೆ ಮತ್ತೆ ಕೇಳಿದರು. ಮರುದಿನ ಬಂದು ನನ್ನ ಮೋಟರಿಗೆ ಅವರೆಕಾಳಿನಷ್ಟು ಸಣ್ಣದೊಂದು ಸಾಮಾನು ಬೆಸೆದು ಹೋದರು. ಅವರ ಮಂಡಕ್ಕಿ ನಿಂತಿತು. ನನ್ನ ಸಿಳ್ಳೆ ನಿಲ್ಲಲಿಲ್ಲ, ಆದರೆ ಜಗಳ ನಿಂತಿತು.

ಚಾಚಾರ ಜೀವ ಇದ್ದದ್ದು ಹಳೆ ಸೆಟ್ಟುಗಳಲ್ಲಿ. ಮರದ ಪೆಟ್ಟಿಗೆಯವು, ಎದುರಿಗೆ ಎಳೆಯುವ ಶಟರು, ಕಟಕಟ ತಿರುಗುವ ಚಾನೆಲ್ ಗುಂಡಿ, ಕಾಲ ಮೇಲೆ ನಿಲ್ಲುವಂಥವು. ಇಸವಿ ಎರಡು ಸಾವಿರ ದಾಟುವ ಹೊತ್ತಿಗೆ ಅವನ್ನು ಯಾರೂ ಕೇಳುತ್ತಿರಲಿಲ್ಲ. ಮನೆಮನೆಗೆ ಕೇಬಲ್, ಮನೆಮನೆಗೆ ಕಲರ್. ಇಂಥ ಸೆಟ್ಟು ಕೆಟ್ಟರೆ ಬೇರೆ ಮೆಕ್ಯಾನಿಕ್ಕುಗಳು ಒಳಗಿನದ್ದೆಲ್ಲ ಕಿತ್ತು ಚೀನಾ ಕಿಟ್ ಒಂದನ್ನು ತುರುಕಿ ಕೊಡುತ್ತಿದ್ದರು. ಚಾಚಾ ಹಾಗೆ ಮಾಡುತ್ತಿರಲಿಲ್ಲ. ಕೇಬಲ್ ಹಿಡಿಯಲು ಬೇಕಾದ ಸಣ್ಣ ಬೋರ್ಡು ಕೂಡಿಸುತ್ತಿದ್ದರು, ಅದನ್ನೂ ಹಳೆ ಗುಂಡಿಯೇ ತಿರುಗಿಸುವಂತೆ ಜೋಡಿಸುತ್ತಿದ್ದರು. "ಬೇಕಾದಷ್ಟು ಹೊಸಾದು ಹಾಕೂಣು. ಆದ್ರ ಮನಿ ಹಿರೇರನ್ನ ಹೊರಗ ಹಾಕಿ ಮನಿ ಕಟ್ಟಬಾರದು" ಅನ್ನುತ್ತಿದ್ದರು.

ಸೆಟ್ಟಿನ ಹಿಂಬದಿ ಬಿಚ್ಚಿದರೆ ಒಳಗೆ ಏನಿರುತ್ತಿತ್ತು ಅಂತೀರಿ! ವಿಭೂತಿ, ಅರಿಶಿನ, ಕುಂಕುಮ, ಅಕ್ಕಿಕಾಳು, ಹಲ್ಲಿಮೊಟ್ಟೆ. ನಮ್ಮ ಕಡೆ ಟಿ.ವಿ. ಮನೆಗೆ ಬಂದ ದಿನವೇ ಅದಕ್ಕೆ ಮೂರು ಪಟ್ಟೆ ವಿಭೂತಿ ಎಳೆದು ಬಿಡುತ್ತಾರಲ್ಲ. ಆಯುಧಪೂಜೆಗೆ ಅದರ ಮುಂದೆಯೇ ಕಾಯಿ ಒಡೆಯುತ್ತಿದ್ದರು, ಕಾಯಿನೀರು ಸೀದಾ ಒಳಗೆ. ಚಾಚಾ ನನ್ನ ಮಿಷನ್ ಒರೆಸುವ ಕುಂಚ ಇಸಿದುಕೊಂಡು ಹೋಗಿ ಆ ವಿಭೂತಿಯನ್ನೆಲ್ಲ ಒಂದು ಕಾಗದಕ್ಕೆ ಉದುರಿಸಿ, ಪೊಟ್ಟಣ ಕಟ್ಟಿ, ಸೆಟ್ಟಿನ ಜೊತೆಗೇ ವಾಪಸು ಕೊಡುತ್ತಿದ್ದರು. ದೇವರದು, ಕಸಕ್ಕೆ ಹಾಕಬಾರದು ಅಂತ.

ಅವರ ಕಪಾಟಿನ ಮೇಲುಗಡೆ ಒಂದು ಶಟರ್ ಸೆಟ್ಟು ವರ್ಷಗಟ್ಟಲೆ ಕೂತಿತ್ತು. ನಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆಯ ನರ್ಸಮ್ಮನದು. ಸರ್ಕಾರಿ ನರ್ಸಾಗಿ ಊರೂರು ತಿರುಗಿ ಹೆರಿಗೆ ಮಾಡಿಸಿ, ರಿಟೈರಾಗಿ ತಮ್ಮೂರಲ್ಲಿ ಒಬ್ಬರೇ ಗಟ್ಟಿಯಾಗಿ ಬದುಕುತ್ತಿದ್ದ ಹೆಣ್ಣುಮಗಳು. ಸ್ವಂತ ದುಡಿಮೆಯಲ್ಲಿ ಅವರು ಮನೆಗೆ ತಂದ ಮೊದಲ ದೊಡ್ಡ ವಸ್ತು ಅದು. ಕೆಟ್ಟದ್ದು ಹೇಗೆ? ಮನೆಯಲ್ಲಿ ಟಿ.ವಿ.ಗಿಂತ ಎತ್ತರದ ಜಾಗ ಇಲ್ಲವೆಂದು ಅದರ ನೆತ್ತಿಯ ಮೇಲೆಯೇ ದೇವರ ಪಟ ಇಟ್ಟು ದಿನಾ ದೀಪ ಹಚ್ಚಿದ್ದರು. ಎಣ್ಣೆ ತೊಟ್ಟಿಕ್ಕಿ ತೊಟ್ಟಿಕ್ಕಿ, ಮೇಲೆ ವಿಭೂತಿ ಉದುರಿ, ಸಾವಿರಾರು ವೋಲ್ಟು ಹುಟ್ಟಿಸುವ ಒಳಗಿನ ಸುರುಳಿಗೆ ಅಂಟಿ, ಒಂದು ದಿನ ಅದು ಸುಟ್ಟು ಕರಕಲಾಯಿತು.

"ನರ್ಸಮ್ಮಾರ, ಮಂದಿಗೆಲ್ಲ ಔಷಧ ಕೊಟ್ಟ ಕೈ ನಿಮ್ಮದು, ಟಿ.ವಿ.ಗ್ಯಾಕ ಎಣ್ಣಿ ಕುಡಿಸಿದ್ರಿ?" ಎಂದು ಚಾಚಾ ಕೇಳಿದರೆ, "ದೀಪ ಹಚ್ಚಿದ್ರೂ ತಪ್ಪೇನ್ರಿ? ಅದಿರ್ಲಿ, ಆಗುತ್ತೋ ಇಲ್ವೋ ಹೇಳ್ರಿ" ಅಂದಿದ್ದರಂತೆ ಅವರು. ಆಗುತ್ತದೆ ಎಂದು ಚಾಚಾ ಮಾತು ಕೊಟ್ಟಿದ್ದರು. ಅಂಥ ಸುರುಳಿ ಮಾಡುವುದನ್ನೇ ಕಂಪನಿಗಳು ಎಂದೋ ಬಿಟ್ಟಿದ್ದವು. ನರ್ಸಮ್ಮ ಕೊಟ್ಟೂರಿಗೆ ಬಂದಾಗಲೆಲ್ಲ ಅಂಗಡಿ ಮೆಟ್ಟಿಲ ಬಳಿ ನಿಂತು ಒಂದೇ ಮಾತು ಕೇಳುತ್ತಿದ್ದರು: "ಆಯ್ತೇನ್ರಿ?" ಚಾಚಾರ ಉತ್ತರವೂ ಒಂದೇ: "ಆಗತೈತ್ರಿ." ಮೊಂಡನಿಗೆ ಮೊಂಡಿ ಜೋಡಿ. ನಾನು ಒಮ್ಮೆ ತಡೆಯಲಾರದೆ, "ಅಮ್ಮಾ, ಒಂದು ಕಲರ್ ತಗೊಂಡು ಆರಾಮ ನೋಡಬಾರದೇನ್ರಿ?" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಣ್ಣ ಎಲ್ಲ ಕಣ್ಣಾರೆ ಕಂಡೀನಿ ತಂಗಿ. ಇದು ನಾ ದುಡ್ದು ತಂದ ಡಬ್ಬಿ. ನನಗಿಂತ ಮೊದ್ಲು ಇದು ಸಾಯಬಾರ್ದು, ಅಷ್ಟೇ" ಅಂದರು.

ಹೀಗಿರುವಾಗ ಚಾಚಾರ ಕಣ್ಣು ಹೋಗತೊಡಗಿತು.

ಮೊದಮೊದಲು ನಮಗೆ ತಿಳಿಯಲಿಲ್ಲ. ನನ್ನ ಬಾಗಿಲಲ್ಲಿದ್ದ ಸ್ಟೂಲಿಗೆ ಎಡವಿದರು, "ಇದನ್ಯಾರು ಇಲ್ಲಿಟ್ರು?" ಎಂದು ಬೈದರು. ಸ್ಟೂಲು ಅಲ್ಲಿಯೇ ಇದ್ದದ್ದು, ಎಂದಿನಿಂದಲೂ. ಸಕ್ಕರೆ ಕಾಯಿಲೆ ಮೈಯಲ್ಲಿತ್ತು. ದಾವಣಗೆರೆಯ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಇದ್ದಷ್ಟನ್ನು ಕಾಪಾಡಿಕೊಳ್ಳಿ, ಹೋದದ್ದು ಬರುವುದಿಲ್ಲ ಎಂದರು. ಅಂಗಡಿಗೆ ಹೊಸ ಕೆಲಸ ತೆಗೆದುಕೊಳ್ಳುವುದನ್ನು ಚಾಚಾ ನಿಲ್ಲಿಸಿದರು. ಕಪಾಟು ಒಂದೊಂದೇ ಖಾಲಿಯಾಯಿತು. ಕೊನೆಗೆ ಉಳಿದದ್ದು ಮೇಲುಗಡೆಯ ಆ ಒಂದು ಸೆಟ್ಟು.

ಚಾಚಿ, ಅಂದರೆ ಅವರ ಹೆಂಡತಿ, ನನ್ನ ಅಂಗಡಿಗೆ ಬಂದು ಕಣ್ಣೀರು ಹಾಕಿದರು. "ಕಣ್ಣಿದ್ದಾಗ ಕರೆಂಟು ಹೊಡದಿದ್ದನ್ನ ನೋಡೀನವ್ವಾ. ಈಗ ಕಣ್ಣಿಲ್ಲದ ಕೈ ಹಾಕಿದ್ರ ಏನ್ ಗತಿ? ನೀನರ ಹೇಳು." ಹೇಳಿದೆ. ಚಾಚಾ ಕೇಳಿಸಿಕೊಂಡು, "ಇದೊಂದು ಮುಗಿಸಿ ಬಾಗಲಾ ಹಾಕ್ತೀನಿ. ಇದನ್ನ ಬಿಟ್ಟು ಹಾಕಾಂಗಿಲ್ಲ" ಅಂದರು. ಕೂಗಲಿಲ್ಲ, ಸಿಟ್ಟು ಮಾಡಲಿಲ್ಲ. ನಾನು ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು.

ಈಗ ಕನ್ನಡಿಯ ವಿಷಯಕ್ಕೆ ಬರಬೇಕು. ಟಿ.ವಿ. ರಿಪೇರಿ ಮಾಡುವವರು ಸೆಟ್ಟಿನ ಹಿಂದೆ ಕೂತಿರುತ್ತಾರೆ, ಚಿತ್ರ ಮುಂದೆ ಇರುತ್ತದೆ. ಹಿಂದಿನಿಂದ ತಿರುಪು ತಿರುಗಿಸಿದರೆ ಮುಂದೆ ಏನಾಯಿತೆಂದು ಕಾಣಬೇಕಲ್ಲ? ಅದಕ್ಕೆ ಎದುರಿಗೊಂದು ಕನ್ನಡಿ ಇಟ್ಟುಕೊಳ್ಳುತ್ತಾರೆ. ಕ್ಷೌರದಂಗಡಿಯೊಂದು ಮುಚ್ಚಿದಾಗ ಚಾಚಾ ತಂದಿದ್ದ ಈ ಕನ್ನಡಿ ಇದ್ದದ್ದು ಆ ಕೆಲಸಕ್ಕೆ. ಈಗ ಅದರಲ್ಲಿ ಅವರಿಗೆ ಕಾಣುವುದು ಬರೀ ಒಂದು ಬೆಳಕಿನ ಮುದ್ದೆ. ಹಾಗಾಗಿ ಚಾಚಿಯನ್ನೇ ಕನ್ನಡಿಯ ಜಾಗದಲ್ಲಿ ಕೂರಿಸಿಕೊಂಡು ಹಳೆ ಗಿರಾಕಿಯೊಬ್ಬನಿಂದ ಒಂದು ಸಣ್ಣ ಸೆಟ್ಟು ತರಿಸಿ ಅದರ ಮೇಲೆ ಪರೀಕ್ಷೆ ಮಾಡಿದರು. ಚಾಚಿಗೆ ಒಂದೇ ಆಸೆ, ಗಂಡ ಬೇಗ ಮುಗಿಸಿ ಮನೆಗೆ ಬರಲಿ. ಏನು ಕೇಳಿದರೂ "ಚಲೋ ಐತ್ರಿ" ಅಂದುಬಿಟ್ಟರು. ಸೆಟ್ಟು ಒಯ್ಯಲು ಬಂದವನು ಹಾಕಿ ನೋಡಿ, "ಇದೇನ್ ಚಾಚಾ, ಎಲ್ಲರ ತಲಿನೂ ಮುರದು ಕೂತೈತಲ್ಲ!" ಅಂದ. ಗೋಡೆಯಾಚೆ ನನಗೆ ಎಲ್ಲ ಕೇಳುತ್ತಿತ್ತು. ಅವನು ಹೋದಮೇಲೆ ಚಾಚಾ ಹೆಂಡತಿಗೆ ಹೇಳಿದ ಮಾತೂ ಕೇಳಿತು.

"ಕಣ್ಣು ಹೋಗಿದ್ದಕ್ಕ ನಾ ಅತ್ತಿಲ್ಲ. ನೀ ಹಿಂಗ ಹುಸಿ ಹೇಳಿದ್ರ ಮಾತ್ರ ನಾ ಖರೇನ ಕುರುಡ ಆಗ್ತೀನಿ ನೋಡು."

ನನ್ನ ಕೈಯಲ್ಲಿನ ಬಟ್ಟೆ ಹಾಗೇ ನಿಂತಿತು. ಆ ಮಾತು ಇವತ್ತಿಗೂ ನನ್ನ ಎದೆಯಿಂದ ಹೋಗಿಲ್ಲ.

ಅದೇ ಸಂಜೆ ಗೋಡೆ ಸವರಿಕೊಂಡು ನನ್ನ ಬಾಗಿಲಿಗೆ ಬಂದರು. "ಯವ್ವಾ, ನನಗೊಂದು ಕನ್ನಡಿ ಬೇಕು. ನೀ ಬಾ."

"ನಾನ್ಯಾಕ್ರಿ? ನನಗೇನ್ ಗೊತ್ತೈತಿ?"

"ನಿನ್ನ ಬಾಯಿ ಕೆಟ್ಟದೈತಿ. ಮೊನ್ನಿ ಆ ಮಾಸ್ತರ ಹೆಂಡ್ತಿಗೆ ಬ್ಲೌಸ್ ಬಿಗಿ ಆಗಿಲ್ಲ, ನೀವ ದಪ್ಪ ಆಗೀರಿ ಅಂದೆಲ್ಲ, ಗ್ವಾಡಿಯಾಚಿ ಕೇಳಿಸ್ತು. ನನಗ ಅಂಥ ಬಾಯಿ ಬೇಕು."

ಹೊಗಳಿದರೋ ಬೈದರೋ ಇವತ್ತಿಗೂ ನನಗೆ ತಿಳಿದಿಲ್ಲ. ಮದುವೆ ಸೀಜನ್ನು, ಕತ್ತರಿಸಿಟ್ಟ ಬ್ಲೌಸುಗಳು ಗುಡ್ಡೆ ಬಿದ್ದಿದ್ದವು. ಆದರೂ ಹೂಂ ಅಂದೆ. ಹೂಂ ಅನ್ನದೆ ಇರುವ ಧೈರ್ಯ ನನಗಿರಲಿಲ್ಲ.

ಚಾಚಿ ಕರಾರು ಹಾಕಿದರು: ಹಗಲು ಬೆಳಕಿನಲ್ಲಿ ಮಾತ್ರ ಕೆಲಸ, ಸ್ವಿಚ್ಚಿನ ಮೇಲೆ ಸದಾ ನನ್ನ ಕೈ ಇರಬೇಕು. ಚಾಚಾ ನನಗೊಂದು ಕರಾರು ಹಾಕಿದರು: "ಒಳಗ ನೀ ಕೈ ಹಚ್ಚಬ್ಯಾಡ, ಕಣ್ಣಷ್ಟ ಹಚ್ಚು." ಅವರು ಕರೆಂಟಿರುವ ಸೆಟ್ಟಿಗೆ ಕೈ ಹಾಕುವಾಗ ಬಲಗೈ ಒಂದೇ ಹಾಕುತ್ತಿದ್ದರು, ಎಡಗೈ ಜುಬ್ಬಾದ ಜೇಬಿನಲ್ಲಿರುತ್ತಿತ್ತು. ಎರಡೂ ಕೈ ಒಳಗಿದ್ದರೆ ಕರೆಂಟು ಎದೆ ಹಾದು ಹೋಗುತ್ತದಂತೆ. ಹಬ್ಬಕ್ಕೆ ಹೊಲಿಸಿದ ಹೊಸ ಜುಬ್ಬಾಗೆ ದರ್ಜಿ ಎಡಗಡೆ ಜೇಬೇ ಇಟ್ಟಿರಲಿಲ್ಲ. ನಾನು ಅವತ್ತೇ ದಪ್ಪ ಬಟ್ಟೆಯ ಜೇಬೊಂದನ್ನು ಹಚ್ಚಿ ಕೊಟ್ಟೆ. ನನ್ನಿಂದ ಆದದ್ದು ಅದು.

ಮೊದಲು ಬೇಕಾದದ್ದು ಆ ಸುರುಳಿ. ಹರಪನಹಳ್ಳಿಯ ಗುಜರಿ ಅಂಗಡಿಯಲ್ಲಿ ಹಳೆ ಸೆಟ್ಟುಗಳ ರಾಶಿ ಬಿದ್ದಿದೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆವು, ಅವರ ಕೈ ನನ್ನ ಚೀಲದ ಹಿಡಿಕೆಯ ಮೇಲೆ. ಗುಜರಿಯವನು "ಕುರುಡ ಮುದುಕ, ಏನು ಹುಡುಕ್ತಾನೋ" ಎಂದು ತನ್ನವರೊಡನೆ ನಗಾಡಿದ. ನಾನು ತಿರುಗಿ ನಿಂತು, "ನೀ ಕಣ್ಣಿದ್ದು ಏನ್ ಕಡದು ಗುಡ್ಡಿ ಹಾಕಿದಿ, ಗುಜರಿ ಕಾಯಾಕತ್ತೀಯಲ್ಲ!" ಅಂದೆ. ಚಾಚಾ ನನ್ನ ತೋಳು ಮುಟ್ಟಿ ಸುಮ್ಮನಿರಿಸಿದರು. ಬಿಸಿಲಲ್ಲಿ ಕೂತು ಒಂದೊಂದೇ ಮುರುಕಲಿನ ಹೊಟ್ಟೆಯಲ್ಲಿ ಬೆರಳಾಡಿಸಿದರು. ನಾನು ಮೈಮೇಲೆ ಬರೆದ ಅಂಕಿ ಓದಿ ಹೇಳಿದೆ. ಮಧ್ಯಾಹ್ನ ಹೊರಳಿ ಬಹಳ ಹೊತ್ತಾದ ಮೇಲೆ ಒಂದು ಸೆಟ್ಟಿನ ಒಳಗೆ ಅವರ ಬೆರಳು ನಿಂತವು. ಮುಖದಲ್ಲಿ ನಗು ಬಂತು. ಹಳೆ ಗೆಳೆಯ ಸಂತೆಯಲ್ಲಿ ಸಿಕ್ಕ ಹಾಗೆ ಅದನ್ನು ಸವರಿದರು.

ಸುರುಳಿ ಕೂಡಿಸಿದ ದಿನ ಸ್ವಿಚ್ಚು ಹಾಕಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಆ ಸಿಳ್ಳೆ! ನನ್ನ ತಲೆ ಒಡೆಯುತ್ತದೆಂದು ನಾನು ಜಗಳ ತೆಗೆದಿದ್ದ ಅದೇ ಸಿಳ್ಳೆ. "ಬಂತು ಚಾಚಾ, ಬಂತು!" ಎಂದು ಕಿರುಚಿದೆ. "ಕೇಳಿಸ್ತೇನು?" ಎಂದು ಕೇಳುತ್ತಾ ಅವರು ಮುಂಗೈಯನ್ನು ಗಾಜಿನ ಹತ್ತಿರ ತಂದರು. ಪರದೆಗೆ ಜೀವ ಬಂದರೆ ಕೈಮೇಲಿನ ಕೂದಲು ನಿಲ್ಲುತ್ತವೆ. ನಿಂತವು.

ಅಲ್ಲಿಂದ ಶುರುವಾಯಿತು ನಮ್ಮ ಫಜೀತಿ. ಚಿತ್ರ ಓರೆಯಾಗಿತ್ತು. "ಎಡಕ್ಕ ಇಳದೈತ್ರಿ" ಅಂದೆ. ಅವರು ಎಡಕ್ಕೆ ಸರಿಮಾಡಿದರು. ಇನ್ನಷ್ಟು ಇಳಿಯಿತು. "ಅಯ್ಯ, ಎಡಕ್ಕ ಅಂದೆ!" "ಎಡಕ್ಕ ತಿರುವೀನಲ್ಲ!" ನಾನು ಮುಂದೆ, ಅವರು ಹಿಂದೆ, ಇಬ್ಬರೂ ಎದುರುಬದುರು. ನನ್ನ ಎಡ ಅವರ ಬಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಾಚಾರಿಗೆ ಕನ್ನಡಿಯ ರೂಢಿ, ಅದರಲ್ಲಿ ಕಂಡ ಕಡೆಗೇ ಕೈ ಹೋಗುತ್ತಿತ್ತು. ನಾನು ಮಾತಾಡುವ ಕನ್ನಡಿ, ಎಡಬಲ ತಿರುವಿ ಹೇಳುತ್ತಿದ್ದೆ. ಜಗಳವಾಡಿ, ಚಹಾ ಕುಡಿದು, ಮತ್ತೆ ಜಗಳವಾಡಿ, ಕೊನೆಗೆ ಚಾಚಾ ಅಂದರು: "ಎಡಾ ಬಲಾ ಬಿಟ್ಟುಬಿಡು. ಮಠ ಯಾವ ಕಡಿ ಐತಿ?"

ಮಠ ಅವರಿಗೂ ಅದೇ ಕಡೆ, ನನಗೂ ಅದೇ ಕಡೆ. ಬಸ್ ಸ್ಟ್ಯಾಂಡೂ ಹಾಗೇ.

"ಚಾಚಾ, ಬಸ್ ಸ್ಟ್ಯಾಂಡ್ ಕಡಿ ಒಂದು ಬೆರಳು ಇಳದೈತಿ."

"ಈಗ?"

"ಮಠದ ಕಡಿ ಜಾಸ್ತಿ ಆತು. ಅರ್ಧ ಬೆರಳು ಹಿಂದಕ್ಕ ತರ್ರಿ... ಹಾಂ, ನಿಲ್ಲಸ್ರಿ!"

ಅಷ್ಟೇ. ಅವತ್ತಿಂದ ನಮಗೊಂದು ಭಾಷೆಯೇ ಆಯಿತು. ಮಿಕ್ಕ ಮಾತು ನನ್ನ ಹೊಲಿಗೆಯವು. ಚಿತ್ರದ ಅಂಚು ಸುರುಟಿದೆ, ನಡುವೆ ನೆರಿಗೆ ಬಿದ್ದಿದೆ, ಮುಖದ ಪಕ್ಕ ಇನ್ನೊಂದು ಮುಖ ಲೈನಿಂಗ್ ಬಟ್ಟೆ ಜಾರಿದ ಹಾಗೆ ಇಣುಕುತ್ತಿದೆ. ಚಾಚಾ ಕೇಳಿ, ತಲೆದೂಗಿ, ಯಾವ ತಿರುಪಿಗೆ ಕೈ ಹಾಕಬೇಕೆಂದು ಬೆರಳಿನಿಂದಲೇ ಹುಡುಕುತ್ತಿದ್ದರು. ಮೈ ಸರಿಯಿಲ್ಲದ ದಿನ ಕಾದ ಬೆಸುಗೆ ಕಡ್ಡಿ ಬೆರಳಿಗೇ ತಾಗುತ್ತಿತ್ತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, "ಇದಕ್ಕೂ ಕಣ್ಣಿಲ್ಲ ನೋಡು" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಸಾಕು ಮಾಡ್ರಿ ಎಂದು ಬಾಯಿ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರಿಗೆ ಹಗಲಿನ ಬೆಳಕೂ ಮಸುಕಾಗುತ್ತ ಬಂದಿತ್ತು. ಬಾಗಿಲು ತೆರೆದಿದೆಯೋ ಹಾಕಿದೆಯೋ ಎಂದು ನನ್ನನ್ನು ಕೇಳತೊಡಗಿದ್ದರು.

ಒಂದು ಭಾನುವಾರ ಸೆಟ್ಟನ್ನು ಗೋಣಿತಾಟು ಸುತ್ತಿ ಲಗೇಜ್ ಆಟೋದಲ್ಲಿ ಅರಸೀಕೆರೆಗೆ ಒಯ್ದೆವು. ಚಾಚಿಯೂ ಬಂದರು. ಚಾಚಾ ಸೆಟ್ಟನ್ನು ತಬ್ಬಿಕೊಂಡೇ ಕೂತಿದ್ದರು. ಕನ್ನಡಿಯನ್ನೂ ತಂದಿದ್ದರು, ಯಾಕೋ ಗೊತ್ತಿಲ್ಲ. ನರ್ಸಮ್ಮ ದೇವರ ಪಟಕ್ಕೆ ಗೋಡೆಯಲ್ಲಿ ಬೇರೆ ಹಲಗೆ ಹೊಡೆಸಿದ್ದರು. "ಇನ್ನು ಎಣ್ಣೆ ಕುಡಿಸಲ್ಲ ಬಿಡ್ರಿ" ಅಂದರು. ಆ ಮನೆಯಲ್ಲಿ ಮಠವೆಲ್ಲಿ, ಬಸ್ ಸ್ಟ್ಯಾಂಡೆಲ್ಲಿ? ಆದರೂ ನಾನು "ಬಸ್ ಸ್ಟ್ಯಾಂಡ್ ಕಡಿ ಹಿಡೀರಿ, ಮಠದ ಕಡಿ ಎತ್ರಿ" ಎನ್ನುತ್ತಲೇ ಸೆಟ್ಟು ಇಳಿಸಿದೆ. ಆಟೋದವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. ಆ ಡಬ್ಬಿಗೇ ಕೊಟ್ಟೂರಿನ ದಿಕ್ಕು ಅಂಟಿಕೊಂಡುಬಿಟ್ಟಿತ್ತು.

ಶಟರು ಎಳೆದು, ಗುಂಡಿ ಕಟ್ ಎನಿಸಿ, ಕಾದೆವು. ಚಿತ್ರ ಬಂತು. ಒಬ್ಬ ಮನುಷ್ಯ ಹೊಲದಲ್ಲಿ ನಿಂತು ಈರುಳ್ಳಿ ಬೆಳೆಯ ರೋಗದ ಬಗ್ಗೆ ಹೇಳುತ್ತಿದ್ದ. ಕಪ್ಪು ಬಿಳುಪು, ಆದರೆ ಎಂಥ ಕಪ್ಪು, ಎಂಥ ಬಿಳುಪು! ನರ್ಸಮ್ಮ ಸೆರಗಿನಿಂದ ಗಾಜು ಒರೆಸಿದರು, ಮತ್ತೆ ಒರೆಸಿದರು. ಚಾಚಿ ಕೈ ಮುಗಿಲಿಗೆತ್ತಿ ಏನೋ ಹೇಳಿಕೊಂಡರು. ಮಿರ್ಚಿ, ಮಂಡಕ್ಕಿ, ಚಹಾ ಬಂತು. ಮಾತು, ನಗು ಶುರುವಾಯಿತು.

ಸೆಟ್ಟು ಕಾದಂತೆ ನಾನು ನೋಡಿದೆ. ಕೆಳಗಿನಿಂದ ಒಂದು ಕಪ್ಪು ಪಟ್ಟಿ ಮೆಲ್ಲಗೆ ಏರುತ್ತಿತ್ತು. ಅಂಗಡಿಯಲ್ಲಿ ನಾವು ಇಷ್ಟು ಹೊತ್ತು ಹಚ್ಚಿಯೇ ಇರಲಿಲ್ಲ. ಒಂದು ಬೆರಳಾಯಿತು, ಎರಡು ಬೆರಳಾಯಿತು. ಈರುಳ್ಳಿಯವನ ಕಾಲು ಮುಳುಗಿ ಮೊಣಕಾಲಿಗೆ ಬಂತು. ನರ್ಸಮ್ಮನೂ ನೋಡಿದರು, ಚಾಚಿಯೂ ನೋಡಿದರು. ಚಾಚಿ ನನ್ನತ್ತ ತಿರುಗಿ ಎರಡೂ ಕೈ ಜೋಡಿಸಿದರು. ಹೇಳಬೇಡವೆಂದು ಕಣ್ಣಲ್ಲೇ ಬೇಡಿಕೊಂಡರು. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಅವರಿಗೆ ಅಷ್ಟು ಸಾಕಾಗಿತ್ತು. ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು: ಎಲ್ಲ ಚಲೋ ಐತಿ ಚಾಚಾ. ಅವರು ಬಾಗಿಲು ಹಾಕಿ ಮನೆಯಲ್ಲಿ ಆರಾಮ ಇರುತ್ತಿದ್ದರು.

ಚಾಚಾ ಕೈಯಲ್ಲಿನ ಚಹಾ ಲೋಟ ಕೆಳಗಿಟ್ಟು ನಾನಿದ್ದ ಕಡೆ ಮುಖ ಮಾಡಿದರು. "ಕನ್ನಡಿ ಏನಂತೈತಿ?"

ಈ ಬಾಯಿಗೆ ಎಷ್ಟು ಮಂದಿಯ ಹತ್ತಿರ ಬೈಸಿಕೊಂಡಿದ್ದೇನೋ, ಅವತ್ತು ಅದು ಏಳದೆ ಹೋಯಿತು. ಆಮೇಲೆ ಅವರು ಚಾಚಿಗೆ ಹೇಳಿದ ಮಾತು ನೆನಪಾಯಿತು.

"ಕೆಳಗ ಎರಡು ಬೆರಳು ಕತ್ತಲ ಐತಿ ಚಾಚಾ. ಕಾದಂಗ ಏರಾಕತ್ತೈತಿ."

ಚಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನರ್ಸಮ್ಮ "ಥೂ, ಎಂಥಾ ಹೆಣ್ಣು ನೀನು!" ಎಂದೇ ಬಿಟ್ಟರು. ಚಾಚಾ ಮಾತ್ರ... ಅವರ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ! ಕಣ್ಣು ಬಂದವರ ಹಾಗೆ ನನ್ನ ಕಡೆಗೇ ನೋಡಿದರು.

"ಭೇಷ್" ಅಂದರು. "ಒಣಗಿದ ಕೆಪಾಸಿಟರ್ ಒಂದು ಉಳಕೊಂಡೈತಿ. ಸ್ವಿಚ್ ತಗಿ."

ಮತ್ತೆ ಹಿಂಬದಿ ಬಿಚ್ಚಿದರು. ಚಾಚಿಯ ಕಡೆ ಕೈ ಚಾಚಿ ಬಿಡಿಸಾಮಾನಿನ ಡಬ್ಬಿ ಕೇಳಿದರು. ಚಾಚಿ ಅಳುತ್ತಲೇ ಡಬ್ಬಿ ಕೊಟ್ಟರು. ಒಳಗೆ ಉಳಿದಿದ್ದ ಕರೆಂಟನ್ನು ಟಪ್ ಎಂದು ನೆಲಕ್ಕಿಳಿಸಿ, ಕೈಯಲ್ಲೇ ಹುಡುಕಿ, ಕೆಟ್ಟದ್ದನ್ನು ತೆಗೆದು ಹೊಸತನ್ನು ಕೂಡಿಸಿದರು. ನಾನು ಬೆಸುಗೆ ಕಡ್ಡಿಗೆ ದಾರಿ ಹೇಳಿದೆ, ಗೋಧಿಕಾಳಿನಷ್ಟು ಆಚೆ, ಗೋಧಿಕಾಳಿನಷ್ಟು ಈಚೆ. ರಾಳದ ಹೊಗೆ ಆ ಮನೆಯನ್ನೆಲ್ಲ ತುಂಬಿತು. ಮತ್ತೆ ಹಚ್ಚಿ ಸಂಜೆಯವರೆಗೂ ಅದರ ಮುಂದೆ ಕೂತೆವು. ಕತ್ತಲು ಏರಲಿಲ್ಲ. ಆಕಾಶವಾಣಿಯವರ ಹಾಗೆ ನಾನು ಆಗಾಗ ವರದಿ ಕೊಡುತ್ತಿದ್ದೆ: "ಮಠದ ಕಡಿ ಸರಿ ಐತಿ. ಬಸ್ ಸ್ಟ್ಯಾಂಡ್ ಕಡಿ ಸರಿ ಐತಿ. ಕೆಳಗ ಸರಿ ಐತಿ." ಕೊನೆಗೆ ನರ್ಸಮ್ಮನೇ ನಕ್ಕುಬಿಟ್ಟರು. ಹೊರಡುವಾಗ ಅವರು ಮೆಟ್ಟಿಲ ಮೇಲೆ ನಿಂತು ಕೇಳಿದರು: "ಆಯ್ತೇನ್ರಿ?"

"ಆತ್ರಿ" ಅಂದರು ಚಾಚಾ.

ಮರುದಿನ ಅಂಗಡಿಗೆ ತಾವೇ ಬೀಗ ಹಾಕಿ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಿದರು. ಕನ್ನಡಿಯನ್ನು ನನ್ನ ಬಾಗಿಲಿಗೆ ತಂದು ಒರಗಿಸಿ, "ನನ್ನ ಕೆಲಸ ಮುಗೀತು, ಇದರದು ಮುಗದಿಲ್ಲ" ಅಂದರು. ಕೆಲವು ವರ್ಷ ಕೋಲೂರಿಕೊಂಡು ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮಿಷನ್ನಿನ ಸದ್ದು ಕೇಳುತ್ತಿದ್ದರು. ಮೋಟರಿಗೆ ಎಣ್ಣೆ ಕಡಿಮೆಯಾದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ನರ್ಸಮ್ಮ ತೀರಿಕೊಂಡ ಸುದ್ದಿ ಬಂದಾಗ ಮಾತಾಡಿಸಿ ಬರಲು ಇಬ್ಬರೂ ಹೋದೆವು. ನೆಂಟರು ತುಂಬಿದ್ದರು. ಚಾಚಾ ಒಬ್ಬರ ಕೈ ಹಿಡಿದು ಮೆಲ್ಲಗೆ ಕೇಳಿದರು, ಡಬ್ಬಿ ನಡೀತಿತ್ತೇನ್ರಿ ಎಂದು. ಕೊನೆಯ ಸಂಜೆಯೂ ಹಚ್ಚಿಕೊಂಡು ಕೂತಿದ್ದರು ಅಂದರು ಆ ನೆಂಟರು. ಚಾಚಾ ಶಟರಿನ ಮೇಲೆ ಒಮ್ಮೆ ಕೈಯಾಡಿಸಿ, "ಮಾತು ಉಳೀತು" ಅಂದರು. ಆ ಸೆಟ್ಟು ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಯಾರೋ ಗುಜರಿಗೆ ತೂಗಿರಬೇಕು.

ಚಾಚಾರನ್ನು ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ. ಮಂಚದ ಮೇಲಿದ್ದರು. ಗೋಡೆಯಲ್ಲಿ ತೆಳ್ಳನೆಯ ಹೊಸ ಟಿ.ವಿ., ಮನೆಮಂದಿಯೆಲ್ಲ ಅದರ ಮುಂದೆ. ನನ್ನ ದನಿ ಕೇಳಿ ಕೈ ಚಾಚಿದರು. "ಯವ್ವಾ, ನೀನೇನು? ಇವರು ಎಲ್ಲಾದಕ್ಕೂ ಚಲೋ ಐತಿ ಅಂತಾರ. ನೀ ಹೇಳು, ಬಸ್ ಸ್ಟ್ಯಾಂಡ್ ಕಡಿ ಹೆಂಗೈತಿ?" ನಾನು ನೋಡಿದೆ. ಅಂಥ ಟಿ.ವಿ.ಯಲ್ಲಿ ಓರೆಯಾಗಲು ಏನಿದೆ? ನಾನು ಕಣ್ಣೊರೆಸಿಕೊಂಡು, "ಸರಿ ಐತ್ರಿ ಚಾಚಾ. ಖರೇನ ಸರಿ ಐತಿ" ಅಂದೆ. ನನ್ನ ಮಾತಾದ್ದರಿಂದ ನಂಬಿದರು. ಕೆಲವು ದಿನಗಳಲ್ಲಿ ಹೋಗಿಬಿಟ್ಟರು...

ನಾನೂ ಆ ಓಣಿ ಬಿಟ್ಟು ಬಹಳ ದಿನವಾಯಿತು. ಈಗಿನ ಅಂಗಡಿ ಬೇರೆ ಬೀದಿಯಲ್ಲಿದೆ. ಆ ಸಿಳ್ಳೆಯನ್ನು ಕೇಳಿ ಎಷ್ಟು ವರ್ಷವಾಯಿತೋ. ಕೆಲವೊಮ್ಮೆ ಮಿಷನ್ ನಿಲ್ಲಿಸಿ ಕಿವಿಗೊಡುತ್ತೇನೆ, ಇಲ್ಲ.

ಮೊನ್ನೆ ಆ ಹುಡುಗಿ ಕಲೆ ಬಿದ್ದ ಕನ್ನಡಿಯಲ್ಲಿ ತನ್ನನ್ನು ಹುಡುಕಿ ಸೋತು, ನನ್ನ ಕಡೆ ತಿರುಗಿ, "ನೀವ ಹೇಳ್ರಿ ಆಂಟಿ, ಹೆಂಗ ಕಾಣತೈತಿ?" ಎಂದು ಕೇಳಿದಳು. ನಾನು ಕನ್ನಡಕ ಏರಿಸಿ ನೋಡಿದೆ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: "ಬಸ್ ಸ್ಟ್ಯಾಂಡ್ ಕಡಿ ಭುಜ ಅರ್ಧ ಬೆರಳು ಇಳದೈತಿ."

"ಯಾವ ಬಸ್ ಸ್ಟ್ಯಾಂಡ್ ಆಂಟಿ? ಅದು ನಮ್ಮ ಬೆನ್ನ ಹಿಂದೈತಲ್ಲ!" ಎಂದು ಅವಳು ಕಿಸಕ್ಕನೆ ನಕ್ಕಳು.

ನಾನೂ ನಕ್ಕೆ. ಪಿನ್ನು ಚುಚ್ಚಿ ಭುಜ ಎತ್ತಿದೆ. ಯಾವ ಕಡೆ ಎಂದು ಕೇಳದೆಯೇ ತಿಳಿಯುತ್ತಿದ್ದವರು ಒಬ್ಬರಿದ್ದರು. ಈಗ ಇಲ್ಲ.